ಡಿಜಿಟಲ್ ಹೊಲೊಗ್ರಾಂನಿಂದ ನಾಯ್ಸ್ ಸೋಸುವುದು: ಯಾವುದನ್ನು ಎಲ್ಲಿ ತೆಗೆಯಬೇಕು

ವಸ್ತುವಿನಿಂದ ಬಂದ ಕಿರಣ ಮತ್ತು ವಸ್ತುವನ್ನು ಮುಟ್ಟದ ರೆಫರೆನ್ಸ್ ಕಿರಣ ಸೇರಿದಾಗ ಮೂಡುವ ಪಟ್ಟೆಗಳ ಚಿತ್ರವೇ ಹೊಲೊಗ್ರಾಂ. ಅದರಿಂದ ತೆಗೆದ ಫೇಸ್ ಚಿತ್ರ (ಬೆಳಕಿನ ಅಲೆ ಎಲ್ಲೆಲ್ಲಿ ಎಷ್ಟು ಹಿಂದೆಮುಂದೆ ಎಂಬುದರ ನಕ್ಷೆ) ಕಾಳುಕಾಳಾಗಿ ಕಂಡರೆ ಬಹುತೇಕರ ಕೈ ಮೊದಲು ಹೋಗುವುದು ಮೀಡಿಯನ್ ಫಿಲ್ಟರ್ ಕಡೆಗೆ. ಚಿತ್ರ ನಯವಾಗುತ್ತದೆ, ಅಳತೆ ಕೆಡುತ್ತದೆ. ಹೊಲೊಗ್ರಾಂನಲ್ಲಿ ನಾಯ್ಸ್ ಒಂದೇ ಜಾತಿಯದಲ್ಲ. ಝೀರೋ ಆರ್ಡರ್ (ಎರಡು ಕಿರಣಗಳ ಬರೀ ತೀವ್ರತೆಯಿಂದ ಬರುವ ಭಾಗ), ಅವಳಿ ಚಿತ್ರ (ನಿಜ ಚಿತ್ರದೊಂದಿಗೇ ಹುಟ್ಟುವ ಅದರ ಪ್ರತಿರೂಪ), ಲೇಸರ್ ಸ್ಪೆಕಲ್ (ಲೇಸರ್ ಬೆಳಕು ಚದುರಿ ಮೂಡುವ ಚುಕ್ಕೆಗಳು), ಗಾಜಿನ ಎರಡು ಮೈಗಳ ನಡುವೆ ಹುಟ್ಟುವ ಕಳ್ಳ ಪಟ್ಟೆ, ಧೂಳಿನ ಉಂಗುರ, ಕ್ಯಾಮೆರಾದ ಎಲೆಕ್ಟ್ರಾನಿಕ್ ನಾಯ್ಸ್ ಎಲ್ಲವೂ ಸೇರಿ ಆ ಕಾಳು ಕಾಣುತ್ತದೆ. ಒಂದೊಂದು ಒಂದೊಂದು ಕಡೆ ಹುಟ್ಟುತ್ತದೆ, ಅದನ್ನು ಸುಲಭವಾಗಿ ತೆಗೆಯಬಹುದಾದ ಹಂತವೂ ಒಂದೇ ಇರುತ್ತದೆ. ಆ ಹಂತ ದಾಟಿದ ಮೇಲೆ ತೆಗೆಯಲು ಹೋದರೆ ನಾಯ್ಸ್ ಜೊತೆಗೆ ವಸ್ತುವಿನ ವಿವರವೂ ಹೋಗುತ್ತದೆ.

ಲೆಕ್ಕ ಹಾಕಲು ಅನುಕೂಲವಾಗಲೆಂದು ಒಂದು ಸಾಮಾನ್ಯ ಆಫ್-ಆಕ್ಸಿಸ್ ಹೊಲೊಗ್ರಾಫಿಕ್ ಮೈಕ್ರೋಸ್ಕೋಪನ್ನೇ ಹಿಡಿಯೋಣ: 632.8 ನ್ಯಾನೋಮೀಟರಿನ ಹೀಲಿಯಂ-ನಿಯಾನ್ ಲೇಸರ್, 20 ಪಟ್ಟು ಹಿಗ್ಗಿಸುವ, 0.4 ನ್ಯೂಮರಿಕಲ್ ಅಪರ್ಚರ್ (ಎಷ್ಟು ಅಗಲದ ಕೋನದ ಬೆಳಕು ಹಿಡಿಯುತ್ತದೆ ಎಂಬುದರ ಅಳತೆ) ಇರುವ ಆಬ್ಜೆಕ್ಟಿವ್ ಮಸೂರ, 3.45 ಮೈಕ್ರೋಮೀಟರ್ ಪಿಕ್ಸೆಲ್ ಇರುವ ಕಪ್ಪು-ಬಿಳುಪು ಕ್ಯಾಮೆರಾ. ಅದರಿಂದ 2048×2048 ಪಿಕ್ಸೆಲ್ ಭಾಗ ಕತ್ತರಿಸಿಕೊಂಡಿದ್ದೇವೆ. ರೆಫರೆನ್ಸ್ ಕಿರಣವನ್ನು ಓರೆಯಾಗಿ ಬೀಳಿಸುವ ಈ ಜೋಡಣೆಯನ್ನು ಲೀತ್ ಮತ್ತು ಉಪಾಟ್ನಿಕ್ಸ್ 1962ರಲ್ಲಿ ತೋರಿಸಿದರು. ಅದಕ್ಕೂ ಹಿಂದಿನ, 1948ರ ಗೇಬರ್ ಜೋಡಣೆಯಲ್ಲಿ ಎರಡೂ ಕಿರಣ ಒಂದೇ ನೇರಕ್ಕೆ ಬರುತ್ತಿದ್ದರಿಂದ ಅವಳಿ ಚಿತ್ರ ನಿಜ ಚಿತ್ರದ ಮೇಲೆಯೇ ಕೂರುತ್ತಿತ್ತು.

ಮೊದಲು ಯಾವ ನಾಯ್ಸ್ ಎಂದು ಗುರುತಿಸಿ

ಏನನ್ನೂ ಮುಟ್ಟದೆ ಒಂದೇ ದೃಶ್ಯದ ಎರಡು ಹೊಲೊಗ್ರಾಂಗಳನ್ನು ಬೆನ್ನುಬೆನ್ನಿಗೆ ತೆಗೆಯಿರಿ. ಎರಡರಿಂದಲೂ ಫೇಸ್ ಕಂಡುಹಿಡಿದು, ಖಾಲಿ ಜಾಗದ 100×100 ಪಿಕ್ಸೆಲ್ ಚೌಕದಲ್ಲಿ ಎರಡರ ವ್ಯತ್ಯಾಸದ ಸ್ಟ್ಯಾಂಡರ್ಡ್ ಡೀವಿಯೇಶನ್ (ಮೌಲ್ಯಗಳು ಎಷ್ಟು ಚದುರಿವೆ ಎಂಬುದರ ಅಳತೆ) ಲೆಕ್ಕ ಹಾಕಿ √2ರಿಂದ ಭಾಗಿಸಿ. ಇದು ಕಾಲದೊಂದಿಗೆ ಬದಲಾಗುವ ನಾಯ್ಸ್: ಫೋಟಾನ್ ಎಣಿಕೆಯ ಏರಿಳಿತ, ಕ್ಯಾಮೆರಾ, ಕಂಪನ. ಈಗ ಒಂದೇ ಫೇಸ್ ಚಿತ್ರದಲ್ಲಿ ಅದೇ ಚೌಕದ ಡೀವಿಯೇಶನ್ ನೋಡಿ. ಇದರಲ್ಲಿ ಸ್ಪೆಕಲ್, ಧೂಳು, ಕಳ್ಳ ಪಟ್ಟೆಯಂಥ ಕದಲದ ನಾಯ್ಸೂ ಸೇರಿರುತ್ತದೆ.

ಮೊದಲನೆಯದು 0.01 ರೇಡಿಯನ್, ಎರಡನೆಯದು 0.1 ರೇಡಿಯನ್ ಬಂದಿತು ಎನ್ನಿ. ಆಗ ನೂರು ಫ್ರೇಮ್ ತೆಗೆದು ಸರಾಸರಿ ಮಾಡಿದರೂ ಚಿತ್ರ ಕಿಂಚಿತ್ತೂ ಸುಧಾರಿಸದು, ಏಕೆಂದರೆ ನೂರರಲ್ಲೂ ಇರುವುದು ಅದೇ ಸ್ಪೆಕಲ್. ಎರಡೂ ಸಂಖ್ಯೆ ಹತ್ತಿರ ಹತ್ತಿರ ಇದ್ದರೆ ಮಾತ್ರ ಫ್ರೇಮ್ ಸರಾಸರಿಯಿಂದ ಲಾಭ. ಐದು ನಿಮಿಷದ ಈ ಪರೀಕ್ಷೆ ಬಿಟ್ಟು ಫಿಲ್ಟರ್ ಹುಡುಕಲು ಹೊರಡಬೇಡಿ.

ಮೇಜಿನ ಮೇಲೆ ಮುಗಿಯಬೇಕಾದ ಕೆಲಸ

ಸಾಫ್ಟ್‌ವೇರಿನಲ್ಲಿ ಸರಿಪಡಿಸಲಾಗದ ಕೆಲವು ತಪ್ಪುಗಳು ರೆಕಾರ್ಡಿಂಗ್ ಹೊತ್ತಿಗೇ ಆಗಿಬಿಡುತ್ತವೆ. ಮುಖ್ಯವಾದದ್ದು ಸ್ಯಾಚುರೇಶನ್. ಪಟ್ಟೆಯ ತುದಿ ಕ್ಯಾಮೆರಾದ ಗರಿಷ್ಠ ಮಟ್ಟಕ್ಕೆ ತಾಗಿ ಚಪ್ಪಟೆಯಾದರೆ ಸ್ಪೆಕ್ಟ್ರಮ್‌ನಲ್ಲಿ (ಯಾವ ಆವರ್ತನದ ಪಟ್ಟೆ ಎಷ್ಟಿದೆ ಎಂಬ ನಕ್ಷೆಯಲ್ಲಿ) ಎರಡನೇ, ಮೂರನೇ ಹಾರ್ಮೋನಿಕ್‌ಗಳು, ಅಂದರೆ ಎರಡು, ಮೂರು ಪಟ್ಟು ಆವರ್ತನದ ಪಟ್ಟೆಗಳು ಏಳುತ್ತವೆ. ಅವುಗಳಲ್ಲಿ ಒಂದು ಮಡಚಿಕೊಂಡು ಬಂದು ನಿಮ್ಮ ಸಿಗ್ನಲ್ ಮೇಲೆಯೇ ಬೀಳಬಹುದು. ಹಿಸ್ಟೋಗ್ರಾಮ್‌ನ ಬಲತುದಿ ಪೂರ್ಣ ಮಟ್ಟದ 70ರಿಂದ 80 ಶೇಕಡಾದ ಒಳಗೆ ನಿಲ್ಲುವಂತೆ ಎಕ್ಸ್‌ಪೋಶರ್ ಇಡಿ. ತೀರಾ ಕಡಿಮೆಯೂ ಮಾಡಬೇಡಿ: ಒಂದು ಪಿಕ್ಸೆಲ್‌ನಲ್ಲಿ 10,000 ಎಲೆಕ್ಟ್ರಾನ್ ಸೇರಿದರೆ ಫೋಟಾನ್ ಏರಿಳಿತ ಅದರ ವರ್ಗಮೂಲದಷ್ಟು, ಅಂದರೆ 100. ಅದು ಶೇಕಡಾ 1. 400 ಎಲೆಕ್ಟ್ರಾನ್ ಮಾತ್ರ ಸೇರಿದರೆ ಶೇಕಡಾ 5.

ಎಕ್ಸ್‌ಪೋಶರ್ ಸಮಯ 1 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದರೆ ಒಳ್ಳೆಯದು. ಆ ಅವಧಿಯಲ್ಲಿ ಎರಡು ಕಿರಣಗಳ ದಾರಿಯ ಅಂತರ ಒಂದೇ ಸಮನೆ ಅರ್ಧ ತರಂಗದೂರದಷ್ಟು, ಅಂದರೆ ಸುಮಾರು 316 ನ್ಯಾನೋಮೀಟರ್ ಸರಿದರೂ ಪಟ್ಟೆಯ ಕಾಂಟ್ರಾಸ್ಟ್ 64 ಶೇಕಡಾಕ್ಕೆ ಇಳಿಯುತ್ತದೆ. ಪೂರ್ತಿ ಒಂದು ತರಂಗದೂರ ಸರಿದರೆ ಪಟ್ಟೆಯೇ ಅಳಿಸಿಹೋಗುತ್ತದೆ. ಮೇಜಿನ ಪಕ್ಕದ ಏಸಿ ಸಾಕು ಇದಕ್ಕೆ.

ಎರಡು ಕಿರಣಗಳ ತೀವ್ರತೆ ಸಮ ಇದ್ದಾಗ ಕಾಂಟ್ರಾಸ್ಟ್ ಗರಿಷ್ಠ. 1:4 ಅನುಪಾತದಲ್ಲಿ ಅದು 0.8, 1:10ರಲ್ಲಿ 0.57. ಪುಸ್ತಕಗಳು ಸಮ ಇಡಿ ಎನ್ನುತ್ತವೆ. ಒರಟು ಮೇಲ್ಮೈಯ ವಸ್ತುವಿಗೆ ರೆಫರೆನ್ಸ್ ಎರಡರಿಂದ ನಾಲ್ಕು ಪಟ್ಟು ಹೆಚ್ಚಿರಲಿ ಎಂಬುದು ನಮ್ಮ ಸಲಹೆ. ಸ್ಪೆಕಲ್‌ನ ಹೊಳೆಯುವ ಚುಕ್ಕೆಗಳು ಸ್ಯಾಚುರೇಟ್ ಆಗುವುದು ತಪ್ಪುತ್ತದೆ, ವಸ್ತು ಕಿರಣ ತನ್ನೊಡನೆ ತಾನೇ ಸೇರಿ ಮಾಡುವ ಗಲೀಜೂ ಕಡಿಮೆಯಾಗುತ್ತದೆ.

ಕಿರಣವನ್ನು ಹಿಗ್ಗಿಸುವಲ್ಲಿ ಪಿನ್‌ಹೋಲ್ ಇಲ್ಲದಿದ್ದರೆ ಹಾಕಿ. 0.8 ಮಿಲಿಮೀಟರ್ ಅಗಲದ ಕಿರಣವನ್ನು 9 ಮಿಲಿಮೀಟರ್ ಫೋಕಲ್ ದೂರದ ಆಬ್ಜೆಕ್ಟಿವ್‌ನಿಂದ ಕೂಡಿಸಿದರೆ ಚುಕ್ಕೆ ಸುಮಾರು 9 ಮೈಕ್ರೋಮೀಟರ್. ಅದರ ಒಂದೂವರೆ ಪಟ್ಟು 13.5, ಹಾಗಾಗಿ ಅದಕ್ಕೆ ಹತ್ತಿರದ 15 ಮೈಕ್ರೋಮೀಟರ್ ಪಿನ್‌ಹೋಲ್ ಸರಿಹೊಂದುತ್ತದೆ. ಹೊಲೊಗ್ರಾಂ ಉಳಿಸುವಾಗ 12 ಅಥವಾ 16 ಬಿಟ್ ಟಿಫ್ ಆಗಿ ಉಳಿಸಿ. ಜೆಪೆಗ್ ಬೇಡವೇ ಬೇಡ. ಅದು ಮೊದಲು ಕತ್ತರಿಸುವುದೇ ಸಣ್ಣ ಪಟ್ಟೆಗಳನ್ನು, ನಮ್ಮ ಮಾಹಿತಿ ಇರುವುದೂ ಆ ಸಣ್ಣ ಪಟ್ಟೆಗಳಲ್ಲೇ.

ಜೊತೆಗೆ ಮೂರು ಬಗೆಯ ಫ್ರೇಮ್ ತೆಗೆದಿಟ್ಟುಕೊಳ್ಳಿ: ಎರಡೂ ಕಿರಣ ಮುಚ್ಚಿದ ಡಾರ್ಕ್ ಫ್ರೇಮ್, ವಸ್ತು ಕಿರಣ ಮಾತ್ರ ಮತ್ತು ರೆಫರೆನ್ಸ್ ಮಾತ್ರ ಇರುವ ಫ್ರೇಮ್‌ಗಳು, ಸ್ಯಾಂಪಲ್‌ನ ಖಾಲಿ ಜಾಗದ ಹೊಲೊಗ್ರಾಂ. ಕೊನೆಯದನ್ನು 20ರಿಂದ 50 ಸಲ ತೆಗೆಯಿರಿ. ಮುಂದೆ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಸ್ಪೆಕ್ಟ್ರಮ್‌ನಲ್ಲಿ ಮಾಸ್ಕ್ ಹಾಕುವುದು

ಡಾರ್ಕ್ ಫ್ರೇಮ್ ಕಳೆಯಿರಿ, ಸರಾಸರಿ ಮೌಲ್ಯ ಕಳೆಯಿರಿ, ಅಂಚುಗಳಿಗೆ ಟ್ಯೂಕಿ ವಿಂಡೋ (ಅಂಚಿನತ್ತ ಮೆಲ್ಲಗೆ ಸೊನ್ನೆಗಿಳಿಯುವ ತೂಕ) ಹಾಕಿ. ಪ್ರತಿ ಬದಿಯಲ್ಲಿ ಶೇಕಡಾ 5, ಅಂದರೆ ಸುಮಾರು 100 ಪಿಕ್ಸೆಲ್ ಇಳಿಜಾರು ಸಾಕು. ಸ್ಪೆಕ್ಟ್ರಮ್ ತೆಗೆಯುವ ಲೆಕ್ಕವಾದ ಎಫ್‌ಎಫ್‌ಟಿ (ಫಾಸ್ಟ್ ಫೂರಿಯರ್ ಟ್ರಾನ್ಸ್‌ಫಾರ್ಮ್) ಚಿತ್ರದ ಎಡ ಅಂಚನ್ನು ಬಲ ಅಂಚಿಗೆ ಅಂಟಿಸಿದಂತೆ ಭಾವಿಸುತ್ತದೆ. ಎರಡೂ ಹೊಂದದಿದ್ದರೆ ಸ್ಪೆಕ್ಟ್ರಮ್‌ನಲ್ಲಿ ಅಡ್ಡ-ಉದ್ದ ಶಿಲುಬೆಯೊಂದು ಮೂಡಿ ಅದರ ಕೈಗಳು ಮಾಸ್ಕ್ (ಸ್ಪೆಕ್ಟ್ರಮ್‌ನ ಬೇಕಾದ ಭಾಗ ಮಾತ್ರ ಉಳಿಸುವ ಕಿಂಡಿ) ಒಳಗೂ ಚಾಚುತ್ತವೆ. ವಿಂಡೋ ಹಾಕಿದ ಅಂಚಿನ ಪಟ್ಟಿಯನ್ನು ಕೊನೆಯ ಅಳತೆಯಿಂದ ಹೊರಗಿಡಲು ಮರೆಯಬೇಡಿ.

ಎಫ್‌ಎಫ್‌ಟಿಯ ಲಾಗ್ ಚಿತ್ರ ನೋಡಿದರೆ ನಡುವೆ ಝೀರೋ ಆರ್ಡರ್, ಅದರ ಎರಡು ಬದಿಗೆ ಎದುರುಬದುರಾಗಿ ಎರಡು ವೃತ್ತ ಕಾಣುತ್ತವೆ. ಒಂದು ನಮ್ಮ ಸಿಗ್ನಲ್, ಇನ್ನೊಂದು ಅವಳಿ. ಮಾಸ್ಕ್‌ನ ತ್ರಿಜ್ಯವನ್ನು ಕಣ್ಣಳತೆಗೆ ಬಿಡಬೇಡಿ, ಲೆಕ್ಕ ಹಾಕಿ. ಕ್ಯಾಮೆರಾದ ಮೇಲೆ ವಸ್ತುವಿನ ಗರಿಷ್ಠ ಆವರ್ತನ ಎಂದರೆ ನ್ಯೂಮರಿಕಲ್ ಅಪರ್ಚರನ್ನು ತರಂಗದೂರ ಮತ್ತು ಹಿಗ್ಗುವಿಕೆಯ ಗುಣಲಬ್ಧದಿಂದ ಭಾಗಿಸಿದಷ್ಟು: 0.4 ÷ (0.6328 × 20), ಅಂದರೆ ಮಿಲಿಮೀಟರಿಗೆ 31.6 ಆವರ್ತ. ಎಫ್‌ಎಫ್‌ಟಿಯಲ್ಲಿ ಒಂದು ಪಿಕ್ಸೆಲ್‌ನ ಬೆಲೆ 1 ÷ (2048 × 3.45) ಮೈಕ್ರೋಮೀಟರ್, ಅಂದರೆ ಮಿಲಿಮೀಟರಿಗೆ 0.1415 ಆವರ್ತ. ಹಾಗಾಗಿ ತ್ರಿಜ್ಯ 223 ಪಿಕ್ಸೆಲ್.

ಝೀರೋ ಆರ್ಡರ್‌ನ ತ್ರಿಜ್ಯ ಇದರ ಎರಡು ಪಟ್ಟು, 446. ಸಿಗ್ನಲ್ ವೃತ್ತದ ಕೇಂದ್ರ ನಡುವಿನಿಂದ ಕನಿಷ್ಠ 669 ಪಿಕ್ಸೆಲ್ ದೂರದಲ್ಲಿದ್ದರೆ ಒಂದಕ್ಕೊಂದು ತಾಗುವುದಿಲ್ಲ. ರೆಫರೆನ್ಸ್ ಕಿರಣವನ್ನು ಅಡ್ಡಕ್ಕೂ ಉದ್ದಕ್ಕೂ ಸಮನಾಗಿ ಓರೆ ಮಾಡಿ ಸಿಗ್ನಲ್ ವೃತ್ತದ ನಡುವಿನ ಶಿಖರವನ್ನು ಎರಡೂ ಅಕ್ಷದಲ್ಲಿ 500 ಪಿಕ್ಸೆಲ್ ದೂರಕ್ಕೆ ತನ್ನಿ. ನಡುವಿನಿಂದ ಓರೆಯಾಗಿ ದೂರ 707 ಆಗುತ್ತದೆ, ಬದಿಯ ಅಂಚಿಗೂ ಜಾಗ ಉಳಿಯುತ್ತದೆ. ಇದಕ್ಕೆ ಬೇಕಾದ ಕೋನ ಸುಮಾರು 3.6 ಡಿಗ್ರಿ, ಪಟ್ಟೆಯ ಅಂತರ 10 ಮೈಕ್ರೋಮೀಟರ್, ಅಂದರೆ ಮೂರು ಪಿಕ್ಸೆಲ್‌ಗಿಂತ ತುಸು ಕಡಿಮೆ. ಪಟ್ಟೆ ಎರಡು ಪಿಕ್ಸೆಲ್‌ಗಿಂತ ಸಣ್ಣದಾದರೆ ಕ್ಯಾಮೆರಾ ಅದನ್ನು ಸರಿಯಾಗಿ ಹಿಡಿಯದು. ಈ ಕ್ಯಾಮೆರಾ-ಲೇಸರ್ ಜೋಡಿಗೆ ಒಂದೇ ಅಕ್ಷದಲ್ಲಿ ಓರೆ ಮಾಡಿದಾಗ ಆ ಮಿತಿ 5.2 ಡಿಗ್ರಿ ಆಸುಪಾಸು.

ಕಾರಣಾಂತರದಿಂದ ಕೋನ ಹೆಚ್ಚಿಸಲಾಗದೆ ಝೀರೋ ಆರ್ಡರ್ ಸಿಗ್ನಲ್ ವೃತ್ತದ ಮೇಲೆ ಬಿದ್ದಿದ್ದರೆ, ಎಫ್‌ಎಫ್‌ಟಿಗೆ ಮುಂಚೆಯೇ ಹೊಲೊಗ್ರಾಂನಿಂದ ವಸ್ತು-ಮಾತ್ರ ಮತ್ತು ರೆಫರೆನ್ಸ್-ಮಾತ್ರ ಫ್ರೇಮ್‌ಗಳನ್ನು ಕಳೆಯಿರಿ. ಮೂರಕ್ಕೂ ಡಾರ್ಕ್ ಕಳೆದಿರಬೇಕು, ಎಕ್ಸ್‌ಪೋಶರ್ ಒಂದೇ ಇರಬೇಕು, ಲೇಸರ್ ಶಕ್ತಿ ಏರಿಳಿಯಬಾರದು. ಚಲಿಸುವ ಜೀವಕೋಶಕ್ಕೆ ಈ ಉಪಾಯ ನಡೆಯದು.

ಮಾಸ್ಕ್ ಚೂಪು ಅಂಚಿನದಾಗಿದ್ದರೆ ವಸ್ತುವಿನ ಅಂಚಿನ ಸುತ್ತ ನೀರಿನ ಅಲೆಯಂಥ ಗೆರೆಗಳು ಬರುತ್ತವೆ. 223ರವರೆಗೆ ಪೂರ್ತಿ 1, ಅಲ್ಲಿಂದ ಹೊರಕ್ಕೆ 10-15 ಪಿಕ್ಸೆಲ್‌ನಲ್ಲಿ ಕೊಸೈನ್ ಇಳಿಜಾರಿನಿಂದ ಸೊನ್ನೆಗೆ ತನ್ನಿ. ಬಳಿಕ ವೃತ್ತವನ್ನು 512×512 ಚೌಕವಾಗಿ ಕತ್ತರಿಸಿ ನಡುವಿಗೆ ತನ್ನಿ. ವಸ್ತುವಿನ ವಿವರ ಏನೂ ಹೋಗದು, ಮುಂದಿನ ಲೆಕ್ಕ 16 ಪಟ್ಟು ಹಗುರ.

ಈ ಒಂದು ಹೆಜ್ಜೆಯ ಬಲ ಎಷ್ಟೆಂದು ನೋಡಿ. ಕ್ಯಾಮೆರಾದ ಬಿಳಿ ನಾಯ್ಸ್ ಇಡೀ ಸ್ಪೆಕ್ಟ್ರಮ್‌ನಲ್ಲಿ ಸಮನಾಗಿ ಹರಡಿರುತ್ತದೆ. 223 ತ್ರಿಜ್ಯದ ವೃತ್ತ 2048×2048ರ 3.7 ಶೇಕಡಾ ಮಾತ್ರ. ಅಂದರೆ ಆ ನಾಯ್ಸ್‌ನ 96 ಶೇಕಡಾ ಶಕ್ತಿ ಇಲ್ಲೇ ಹೋಯಿತು. ಇನ್ನಷ್ಟು ನಯ ಬೇಕೆಂದು ತ್ರಿಜ್ಯವನ್ನು ಅರ್ಧ ಮಾಡಿದರೆ ಉಳಿದ ನಾಯ್ಸ್‌ನಲ್ಲಿ ಮುಕ್ಕಾಲು ಹೋಗುವುದು ನಿಜ, ಆದರೆ ರೆಸಲ್ಯೂಶನ್ ಅರ್ಧಕ್ಕೆ ಬರುತ್ತದೆ. ಸ್ಪೆಕಲ್ ಮಾತ್ರ ಈ ಮಾಸ್ಕ್‌ಗೆ ಜಗ್ಗುವುದಿಲ್ಲ. ಅದೂ ವಸ್ತುವಿನಂತೆ ಆಬ್ಜೆಕ್ಟಿವ್‌ನ ಅಪರ್ಚರ್ ಮೂಲಕವೇ ಬಂದಿರುವುದರಿಂದ ಸರಿಯಾಗಿ ಅದೇ ವೃತ್ತದೊಳಗೆ ಕೂತಿರುತ್ತದೆ.

ಕಳ್ಳ ಪಟ್ಟೆ ಮತ್ತು ಧೂಳು

ಲಾಗ್ ಸ್ಪೆಕ್ಟ್ರಮ್‌ನಲ್ಲಿ ಸಿಗ್ನಲ್ ಶಿಖರದ ಪಕ್ಕ ಪುಟ್ಟ ಚುಕ್ಕೆಗಳು ಹೊಳೆಯುತ್ತಿದ್ದರೆ ಅವು ಕಳ್ಳ ಪಟ್ಟೆಗಳು. ಬೀಮ್ ಸ್ಪ್ಲಿಟರ್‌ನ ಎರಡು ಮೈ, ಕ್ಯಾಮೆರಾದ ಮುಂದಿನ ರಕ್ಷಣಾ ಗಾಜು, ನ್ಯೂಟ್ರಲ್ ಡೆನ್ಸಿಟಿ ಫಿಲ್ಟರ್ ಇವೇ ಸಾಮಾನ್ಯ ಆರೋಪಿಗಳು. ಒಂದೊಂದನ್ನೇ ತುಸು ತಿರುಗಿಸುತ್ತಾ ಲೈವ್ ಸ್ಪೆಕ್ಟ್ರಮ್ ನೋಡಿ. ಯಾವುದನ್ನು ಮುಟ್ಟಿದಾಗ ಚುಕ್ಕೆ ಕದಲುತ್ತದೋ ಅದೇ ಮೂಲ. ಆ ಭಾಗವನ್ನು ಒಂದೆರಡು ಡಿಗ್ರಿ ಓರೆ ಮಾಡಿದರೆ ಚುಕ್ಕೆ ಮಾಸ್ಕ್‌ನಿಂದಾಚೆ ಸರಿಯುವುದುಂಟು. ಸರಿಯದಿದ್ದರೆ ಚುಕ್ಕೆಯ ಮೇಲೆ 3ರಿಂದ 5 ಪಿಕ್ಸೆಲ್ ತ್ರಿಜ್ಯದ ಮೆದು ಅಂಚಿನ ನಾಚ್ ಫಿಲ್ಟರ್ (ಆ ಜಾಗವನ್ನಷ್ಟೇ ಅಳಿಸುವುದು) ಹಾಕಿ. ಶಿಖರಕ್ಕೆ ತೀರಾ ಹತ್ತಿರದ ಚುಕ್ಕೆಗೆ ನಾಚ್ ಬೇಡ, ವಸ್ತುವಿನ ದೊಡ್ಡ ಆಕಾರವೇ ಅದರೊಂದಿಗೆ ಹೋಗುತ್ತದೆ.

ಲೇಸರ್ ಬದಲು ಕಡಿಮೆ ಕೊಹೆರೆನ್ಸ್ (ಅಲೆಗಳು ಒಂದಕ್ಕೊಂದು ಹೊಂದಿಕೊಂಡಿರುವ ಗುಣ) ಇರುವ ಸೂಪರ್‌ಲ್ಯುಮಿನೆಸೆಂಟ್ ಡಯೋಡ್ ಹಾಕಿ ಎಂಬ ಸಲಹೆಯೂ ಕೇಳಿಬರುತ್ತದೆ. ಮಾತು ಸರಿ, ಆದರೆ 680 ನ್ಯಾನೋಮೀಟರಿನಲ್ಲಿ 6 ನ್ಯಾನೋಮೀಟರ್ ಅಗಲದ ಬೆಳಕಿನ ಕೊಹೆರೆನ್ಸ್ ಉದ್ದ ಸುಮಾರು 77 ಮೈಕ್ರೋಮೀಟರ್, ಅಂದರೆ 113 ಪಟ್ಟೆ. ನಮ್ಮ ಜೋಡಣೆಯಲ್ಲಿ ಚಿತ್ರದ ಅಗಲದುದ್ದಕ್ಕೇ 500 ಪಟ್ಟೆಗಳಿವೆ. ಹಾಗಾಗಿ ನಡುವಿನ ಒಂದು ಓರೆ ಪಟ್ಟಿಯಲ್ಲಿ ಮಾತ್ರ ಪಟ್ಟೆ ಕಂಡು ಉಳಿದದ್ದು ಖಾಲಿ ಬರುತ್ತದೆ. ರೆಫರೆನ್ಸ್ ದಾರಿಯಲ್ಲಿ ಡಿಫ್ರಾಕ್ಷನ್ ಗ್ರೇಟಿಂಗ್ ಇಟ್ಟು ಅದನ್ನು ಕ್ಯಾಮೆರಾದ ಮೇಲೆ ಇಮೇಜ್ ಮಾಡಿದರೆ ಮಾತ್ರ ಇದು ಸಾಧ್ಯ.

ಧೂಳಿನ ಉಂಗುರಕ್ಕೂ ಲೆನ್ಸ್‌ನ ವಕ್ರತೆಗೂ ಒಂದೇ ಮದ್ದು: ಖಾಲಿ ಜಾಗದ ಹೊಲೊಗ್ರಾಂ. ಅದಕ್ಕೂ ಅದೇ ಮಾಸ್ಕ್, ಅದೇ ಕೇಂದ್ರ ಬಳಸಿ ಸಂಕೀರ್ಣ ಕ್ಷೇತ್ರ (ಬೆಳಕಿನ ಅಲೆಯ ಎತ್ತರವಾದ ಆಂಪ್ಲಿಟ್ಯೂಡ್ ಮತ್ತು ಫೇಸ್ ಎರಡೂ ಸೇರಿದ್ದು) ತೆಗೆದು, ಸ್ಯಾಂಪಲ್‌ನ ಕ್ಷೇತ್ರವನ್ನು ಅದರಿಂದ ಭಾಗಿಸಿ. ಶಿಖರದ ಕೇಂದ್ರ ಪಿಕ್ಸೆಲ್‌ನ ಭಿನ್ನಾಂಶದಷ್ಟು ತಪ್ಪಿದ್ದರೆ ಉಳಿಯುವ ಓರೆ ಪಟ್ಟೆಯೂ ಇದರಲ್ಲೇ ಹೋಗುತ್ತದೆ. ಭಾಗಾಕಾರವನ್ನು ಕ್ಯಾಮೆರಾದ ಸಮತಲದಲ್ಲೇ, ಪ್ರಾಪಗೇಶನ್‌ಗೆ (ಕ್ಷೇತ್ರವನ್ನು ಲೆಕ್ಕದಿಂದ ಬೇರೆ ದೂರಕ್ಕೆ ಒಯ್ಯುವುದಕ್ಕೆ) ಮುಂಚೆ ಮಾಡಬೇಕು. ಕ್ಯಾಮೆರಾ ಗಾಜಿನ ಮೇಲಿನ ಧೂಳು ಅಲ್ಲಿ ಚುಕ್ಕೆಯಾಗಿರುತ್ತದೆ. ಆಂಗ್ಯುಲರ್ ಸ್ಪೆಕ್ಟ್ರಮ್ ವಿಧಾನದಿಂದ ಕೆಲವು ಸೆಂಟಿಮೀಟರ್ ದೂರಕ್ಕೆ ಒಯ್ದ ಮೇಲೆ ಅದೇ ಚುಕ್ಕೆ ಚಿತ್ರದ ತುಂಬ ಹರಡಿದ ಉಂಗುರವಾಗಿಬಿಡುತ್ತದೆ. ಸ್ಯಾಂಪಲ್ ಬದಲಿಸಿದಾಗಲೆಲ್ಲ, ಫೋಕಸ್ ಮುಟ್ಟಿದಾಗಲೆಲ್ಲ ಖಾಲಿ ಹೊಲೊಗ್ರಾಂ ಹೊಸದಾಗಿ ತೆಗೆಯಬೇಕು.

ಭಾಗಿಸಿದ ನಂತರವೂ ಮೆಲ್ಲಗಿನ ಇಳಿಜಾರು ಉಳಿದಿದ್ದರೆ, ಫೇಸ್ ಅನ್‌ರ‍್ಯಾಪ್ (2 ಪೈಗೊಮ್ಮೆ ಮಡಚಿಕೊಂಡ ಫೇಸನ್ನು ಬಿಚ್ಚಿ ಒಂದೇ ಸಮನೆ ಮಾಡುವುದು) ಆದ ಮೇಲೆ ಎರಡನೇ ಘಾತದ ಬಹುಪದವೊಂದನ್ನು ಹೊಂದಿಸಿ ಕಳೆಯಿರಿ. ಖಾಲಿ ಜಾಗದ ಪಿಕ್ಸೆಲ್‌ಗಳನ್ನು ಮಾತ್ರ ಹೊಂದಿಸಬೇಕು. ವಸ್ತುವನ್ನೂ ಸೇರಿಸಿದರೆ ಕೋಶದ ಸುತ್ತ ಹಳ್ಳ ಬಿದ್ದು ಎತ್ತರ ಕಡಿಮೆ ಬರುತ್ತದೆ. ಐದು-ಆರನೇ ಘಾತದ ಬಹುಪದ ಚಿತ್ರವನ್ನು ಬಲು ಚಂದ ಮಾಡುತ್ತದೆ, ವಸ್ತುವನ್ನೂ ತಿಂದುಹಾಕುತ್ತದೆ.

ಸ್ಪೆಕಲ್

ಪೂರ್ಣವಾಗಿ ಬೆಳೆದ ಸ್ಪೆಕಲ್‌ನ ಕಾಂಟ್ರಾಸ್ಟ್ 1. ಒಂದಕ್ಕೊಂದು ಸಂಬಂಧವಿಲ್ಲದ 16 ಸ್ಪೆಕಲ್ ವಿನ್ಯಾಸಗಳ ತೀವ್ರತೆಯನ್ನು ಸರಾಸರಿ ಮಾಡಿದರೆ ಅದು 1/√16, ಅಂದರೆ ಕಾಲು ಭಾಗಕ್ಕೆ ಇಳಿಯುತ್ತದೆ. 100 ಮಾಡಿದರೆ ಹತ್ತನೇ ಒಂದು. 'ಸಂಬಂಧವಿಲ್ಲದ' ಎಂಬುದೇ ಇಲ್ಲಿ ಗಂಟು. ಪ್ರತಿ ಫ್ರೇಮ್ ನಡುವೆ ಬೆಳಕಿನ ಕೋನ ಬದಲಿಸಿ, ಇಲ್ಲವೇ ಬೆಳಕಿನ ದಾರಿಯಲ್ಲಿ ಉಜ್ಜಿದ ಗಾಜಿನ ಡಿಫ್ಯೂಸರ್ ಇಟ್ಟು ಅದನ್ನು ಹೆಜ್ಜೆ ಹೆಜ್ಜೆಯಾಗಿ ತಿರುಗಿಸಿ, ಪ್ರತಿ ಹೆಜ್ಜೆಯಲ್ಲೂ ನಿಲ್ಲಿಸಿ ಹೊಲೊಗ್ರಾಂ ತೆಗೆಯಿರಿ.

ತೀವ್ರತೆಯ ಸರಾಸರಿ ಸುಲಭ. ಫೇಸ್ ಬೇಕಿದ್ದರೆ ಸಂಕೀರ್ಣ ಕ್ಷೇತ್ರಗಳನ್ನೇ ಕೂಡಬೇಕು, ಮತ್ತು ಅದಕ್ಕೆ ಮುಂಚೆ ಎರಡು ಕೆಲಸ ಇವೆ. ಬೆಳಕು ಬದಲಾದಾಗ ಖಾಲಿ ಜಾಗದ ಕ್ಷೇತ್ರವೂ ಬದಲಾಗುವುದರಿಂದ ಪ್ರತಿ ಹೆಜ್ಜೆಗೂ ಅದರದೇ ಖಾಲಿ ಹೊಲೊಗ್ರಾಂ ಇಟ್ಟು ಭಾಗಿಸಬೇಕು. ಆ ಮೇಲೂ ಕಂಪನದಿಂದಾಗಿ ಪ್ರತಿ ಫ್ರೇಮ್‌ನ ಒಟ್ಟು ಫೇಸ್ ಬೇರೆ ಬೇರೆ ಇರುತ್ತದೆ. ಮೊದಲ ಕ್ಷೇತ್ರದ ಕಾಂಜುಗೇಟ್ (ಫೇಸ್‌ನ ಚಿಹ್ನೆ ತಿರುಗಿಸಿದ ರೂಪ) ಅನ್ನು ಈ ಕ್ಷೇತ್ರದಿಂದ ಗುಣಿಸಿ, ಇಡೀ ಚಿತ್ರದ ಮೊತ್ತ ತೆಗೆದು, ಆ ಮೊತ್ತದ ಕೋನವನ್ನು ಕಳೆದರೆ ಎಲ್ಲವೂ ಒಂದೇ ಮಟ್ಟಕ್ಕೆ ಬರುತ್ತವೆ. ಈ ಸಾಲು ಬಿಟ್ಟುಹೋದರೆ ಕ್ಷೇತ್ರಗಳು ಪರಸ್ಪರ ಕಡಿದುಕೊಂಡು, ಸರಾಸರಿ ಮಾಡಿದಷ್ಟೂ ಚಿತ್ರ ಕೆಡುತ್ತಾ ಹೋಗುತ್ತದೆ.

ಒಂದೇ ಹೊಲೊಗ್ರಾಂ ಇದೆ, ಮರುರೆಕಾರ್ಡಿಂಗ್ ಸಾಧ್ಯವಿಲ್ಲ ಎಂದಾದರೆ ಆಂಪ್ಲಿಟ್ಯೂಡ್ ಚಿತ್ರಕ್ಕೆ ನಾನ್-ಲೋಕಲ್ ಮೀನ್ಸ್ ಅಥವಾ ಬಿಎಂ3ಡಿ ಬಳಸಬಹುದು. ಎರಡೂ ಚಿತ್ರದಲ್ಲಿ ಒಂದನ್ನೊಂದು ಹೋಲುವ ತುಣುಕುಗಳನ್ನು ಹುಡುಕಿ ಒಟ್ಟಿಗೆ ಸೋಸುತ್ತವೆ. ಇವು ಕೂಡಿಕೆಯ ನಾಯ್ಸ್‌ಗೆ ಮಾಡಿದವು, ಸ್ಪೆಕಲ್ ಗುಣಾಕಾರದ್ದು. ಆದ್ದರಿಂದ ಮೊದಲು ಲಾಗ್ ತೆಗೆದು ಫಿಲ್ಟರ್ ಮಾಡಿ ಮತ್ತೆ ಘಾತಕ್ಕೇರಿಸಿ. ಪೈಥಾನ್‌ನ ಚಿತ್ರ ಲೈಬ್ರರಿಯಾದ ಸೈಕಿಟ್-ಇಮೇಜ್‌ನ ನಾನ್-ಲೋಕಲ್ ಮೀನ್ಸ್‌ನಲ್ಲಿ ಪ್ಯಾಚ್ 5ರಿಂದ 7 ಪಿಕ್ಸೆಲ್, ಹುಡುಕುವ ದೂರ 11, ಎಷ್ಟು ಗಟ್ಟಿಯಾಗಿ ಸೋಸಬೇಕೆಂದು ಹೇಳುವ ಎಚ್ ಮೌಲ್ಯ ನಾಯ್ಸ್ ಡೀವಿಯೇಶನ್‌ನ 0.6ರಿಂದ 0.8 ಪಟ್ಟು ಇಟ್ಟು ಶುರು ಮಾಡಿ. ಲಾಗ್ ದಾರಿಯಲ್ಲಿ ಹೋದರೆ ಹೊಳಪು ಇಳಿಯುತ್ತದೆ: ಸರಾಸರಿ ಮಾಡದ ಸ್ಪೆಕಲ್ ತೀವ್ರತೆ ಸುಮಾರು 0.56 ಪಟ್ಟಾಗುತ್ತದೆ. ಹೊಳಪನ್ನು ಅಳೆಯುವವರು ಇದನ್ನು ತಿದ್ದಿಕೊಳ್ಳಬೇಕು. ನ್ಯೂರಲ್ ನೆಟ್‌ವರ್ಕ್‌ಗಳು ಇದಕ್ಕಿಂತ ಚಂದದ ಚಿತ್ರ ಕೊಡುತ್ತವೆ. ತರಬೇತಿಯಲ್ಲಿ ಕಾಣದ ವಸ್ತು ಎದುರಾದಾಗ ಇಲ್ಲದ್ದನ್ನೂ ಬರೆದುಕೊಡುತ್ತವೆ, ಹಾಗಾಗಿ ಅಳತೆಯ ಕೆಲಸಕ್ಕೆ ಅವನ್ನು ನೆಚ್ಚುವುದು ಕಷ್ಟ.

ಫೇಸ್ ಚಿತ್ರವನ್ನು ಹೇಗೆ ಸೋಸುವುದು

ಪಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ಫೇಸ್ +3.1 ಮತ್ತು −3.1 ರೇಡಿಯನ್ ಇದೆ ಎನ್ನಿ. ಅವುಗಳ ನಿಜವಾದ ಅಂತರ 0.08 ರೇಡಿಯನ್ ಅಷ್ಟೇ. ನೇರವಾಗಿ ಸರಾಸರಿ ಮಾಡಿದರೆ ಉತ್ತರ ಸೊನ್ನೆ, ಬರಬೇಕಿದ್ದದ್ದು 3.14ರ ಹತ್ತಿರ. ಅರ್ಧ ಪಟ್ಟೆಯಷ್ಟು ತಪ್ಪು. ಅನ್‌ರ‍್ಯಾಪ್ ಮಾಡದ ಫೇಸ್‌ಗೆ ಮೀನ್, ಗಾಸಿಯನ್, ಮೀಡಿಯನ್ ಯಾವುದನ್ನೂ ನೇರವಾಗಿ ಹಾಕಬಾರದು ಎನ್ನುವುದು ಇದಕ್ಕೇ.

ಸರಿಯಾದ ದಾರಿ: ಫೇಸ್‌ನ ಸೈನ್ ಮತ್ತು ಕೊಸೈನ್ ಚಿತ್ರಗಳನ್ನು ಬೇರೆ ಬೇರೆ ಮಾಡಿ, ಎರಡನ್ನೂ 3×3 ಮೀನ್ ಫಿಲ್ಟರ್‌ನಿಂದ ಸೋಸಿ, ಎರಡು ಆರ್ಗ್ಯುಮೆಂಟಿನ ಆರ್ಕ್‌ಟ್ಯಾನ್‌ನಿಂದ ಮತ್ತೆ ಫೇಸ್ ಮಾಡುವುದು. ಒಮ್ಮೆಗೇ 9×9 ಹಾಕುವುದಕ್ಕಿಂತ 3×3 ಅನ್ನೇ ಮೂರರಿಂದ ಐದು ಸಲ ಹಾಕುವುದು ಮೇಲು, ಅಂಚು ಕಡಿಮೆ ಸವೆಯುತ್ತದೆ. ಆಂಪ್ಲಿಟ್ಯೂಡ್ ಕೈಯಲ್ಲಿದ್ದರೆ ಇದಕ್ಕಿಂತಲೂ ಒಳ್ಳೆಯದು ಸಂಕೀರ್ಣ ಕ್ಷೇತ್ರವನ್ನೇ ಸೋಸುವುದು. ಸ್ಪೆಕಲ್‌ನ ಕಪ್ಪು ಚುಕ್ಕೆಗಳಲ್ಲಿ ಫೇಸ್‌ಗೆ ಅರ್ಥವೇ ಇರುವುದಿಲ್ಲ, ಆಂಪ್ಲಿಟ್ಯೂಡೂ ಸೊನ್ನೆಯ ಹತ್ತಿರ. ಹಾಗಾಗಿ ಸಂಕೀರ್ಣ ಸರಾಸರಿಯಲ್ಲಿ ಅವುಗಳ ಮಾತು ತಾನಾಗಿ ನಡೆಯುವುದಿಲ್ಲ. ಕಿಟಕಿಯೊಳಗೆ ಫೇಸ್ ಒಂದು ರೇಡಿಯನ್‌ಗಿಂತ ಹೆಚ್ಚು ಬದಲಾಗುವ ಕಡಿದಾದ ಜಾಗಗಳಿದ್ದರೆ ಮೀನ್ ಫಿಲ್ಟರ್ ಸಾಲದು. ಚಿತ್ರವನ್ನು ತುಂಡುತುಂಡಾಗಿ ತೆಗೆದುಕೊಂಡು ಸ್ಪೆಕ್ಟ್ರಮ್‌ನಲ್ಲಿ ಸೋಸುವ ವಿಂಡೋಡ್ ಫೂರಿಯರ್ ಫಿಲ್ಟರ್ ಬೇಕು. ನಿಧಾನ, ಆದರೆ ಇಳಿಜಾರನ್ನು ಗೌರವಿಸುತ್ತದೆ.

ಅನ್‌ರ‍್ಯಾಪ್ ಮಾಡುವ ಮುನ್ನ ಆಂಪ್ಲಿಟ್ಯೂಡ್ ಮೀಡಿಯನ್‌ನ 10 ಶೇಕಡಾಕ್ಕಿಂತ ಕೆಳಗಿರುವ ಪಿಕ್ಸೆಲ್‌ಗಳನ್ನು ಮಾಸ್ಕ್ ಮಾಡಿ. ಇಲ್ಲದಿದ್ದರೆ ಅಂಥ ಒಂದು ಚುಕ್ಕೆಯಿಂದ ಶುರುವಾದ 2 ಪೈ ತಪ್ಪು ಚಿತ್ರವನ್ನು ಅಂಚಿನವರೆಗೂ ಸೀಳಿಕೊಂಡು ಹೋಗುತ್ತದೆ. ಸೈಕಿಟ್-ಇಮೇಜ್‌ನ ಅನ್‌ರ‍್ಯಾಪ್ ಫಂಕ್ಷನ್ ಮಾಸ್ಕ್ ಇರುವ ಅರೇಗಳನ್ನು ಒಪ್ಪಿಕೊಳ್ಳುತ್ತದೆ. ನೆಚ್ಚಬಹುದಾದ ಪಿಕ್ಸೆಲ್‌ಗಳಿಂದ ಆರಂಭಿಸಿ ಮುಂದೆ ಸಾಗುವುದೇ ಅದರ ಕ್ರಮ.

ಫಿಲ್ಟರ್ ವಸ್ತುವನ್ನು ತಿಂದಿದೆಯೇ?

ಸೋಸುವ ಮುಂಚಿನ ಕ್ಷೇತ್ರವನ್ನು ಸೋಸಿದ ಕ್ಷೇತ್ರದಿಂದ ಭಾಗಿಸಿ, ಬಂದ ಫೇಸನ್ನು ಚಿತ್ರವಾಗಿ ನೋಡಿ. ಬರೀ ಮರಳಿನಂಥ ನಾಯ್ಸ್ ಕಂಡರೆ ಸರಿ. ಕೋಶದ ಅಂಚೋ ಗೀರಿನ ಗೆರೆಯೋ ಅದರಲ್ಲಿ ಕಂಡರೆ ಫಿಲ್ಟರ್ ಅತಿಯಾಯಿತು, ಹಿಂದಕ್ಕೆ ಬನ್ನಿ.

ರೆಸಲ್ಯೂಶನ್ ಪರೀಕ್ಷೆಗೆ 1951ರ ಯುಎಸ್‌ಎಎಫ್ ಟಾರ್ಗೆಟ್ (ಗುಂಪಿನಿಂದ ಗುಂಪಿಗೆ ಸಣ್ಣದಾಗುತ್ತಾ ಹೋಗುವ ಗೆರೆಗಳ ಗಾಜು) ಬಳಸುವವರು ಗಮನಿಸಬೇಕಾದದ್ದೊಂದಿದೆ. ಸಾಮಾನ್ಯ ಟಾರ್ಗೆಟ್‌ನ ಕೊನೆಯದಾದ 7ನೇ ಗುಂಪಿನ 6ನೇ ಎಲಿಮೆಂಟ್ ಮಿಲಿಮೀಟರಿಗೆ 228 ಜೋಡಿಗೆರೆ. ನಮ್ಮ ಆಬ್ಜೆಕ್ಟಿವ್‌ನ ಮಿತಿ 632. ಮಾಸ್ಕ್ ತ್ರಿಜ್ಯವನ್ನು 223ರಿಂದ 80ರ ಆಸುಪಾಸಿಗೆ ಇಳಿಸುವವರೆಗೂ ಆ ಗೆರೆಗಳು ಬಿಡಿಬಿಡಿಯಾಗಿಯೇ ಕಾಣುತ್ತವೆ, ಅಂದರೆ ಮೂರನೇ ಎರಡು ಭಾಗ ರೆಸಲ್ಯೂಶನ್ ಹೋದರೂ ಟಾರ್ಗೆಟ್ 'ಪಾಸ್' ಎನ್ನುತ್ತದೆ. 9ನೇ ಗುಂಪಿನವರೆಗೆ ಇರುವ ಟಾರ್ಗೆಟ್ ಬೇಕು. ಎತ್ತರ ಅಳೆಯುವವರಿಗೆ ಗೊತ್ತಿರುವ ಎತ್ತರದ ಮೆಟ್ಟಿಲೇ ಮೇಲು. ಪ್ರತಿಫಲನದಲ್ಲಿ 100 ನ್ಯಾನೋಮೀಟರ್ ಮೆಟ್ಟಿಲು 1.99 ರೇಡಿಯನ್ ಫೇಸ್ ಕೊಡಬೇಕು. ಸೋಸುವ ಮುಂಚೆ ಮತ್ತು ನಂತರ ಮೆಟ್ಟಿಲಿನ ಎರಡೂ ಕಡೆಯ ಸಮತಟ್ಟಿನ ಸರಾಸರಿಗಳ ಅಂತರ ತೆಗೆಯಿರಿ. ನಾಯ್ಸ್ ಇಳಿದಿರಬೇಕು, ಈ ಅಂತರ ಬದಲಾಗಿರಬಾರದು. ಮೆಟ್ಟಿಲಿನ ಅಂಚು ಎಷ್ಟು ಪಿಕ್ಸೆಲ್ ಅಗಲವಾಯಿತು ಎಂಬುದನ್ನೂ ಅದೇ ಗೆರೆಯಲ್ಲಿ ಅಳೆದು, ಫಲಿತಾಂಶದ ಪಕ್ಕದಲ್ಲೇ ಬರೆದಿಡಿ.